ಗಾಳಿ ಯಾವ ಕಡೆಯಿಂದ?

ಪರ್ತಿನಿಂದ ಅಡಿಲೇಡಿಗೆ ಸೈಕಲ್ಲಿನಲ್ಲಿ ಒಬ್ಬನೇ ಹೋಗುತ್ತೇನೆ ಎಂದಾಗ ಆಫೀಸಿನವರೆಲ್ಲ ನಕ್ಕರು. ಪರ್ತ್ ಸಿಟಿಯ ಒಂದು ಗಣಿ ಕಂಪನಿಯಲ್ಲಿ ನಕ್ಷೆ ಬರೆಯುವುದು ನನ್ನ ಕೆಲಸ. ವಯಸ್ಸು ಐವತ್ತಾರು ದಾಟಿದೆ, ಮದುವೆಯಾಗಿಲ್ಲ, ಹೊಟ್ಟೆ ಬಂದಿದೆ, ಕೋಪ ಮೂಗಿನ ತುದಿಯಲ್ಲೇ ಇದೆ. ನಗಲು ಅವರಿಗೆ ಕಾರಣಗಳಿದ್ದವು. ನಗದೆ ಇದ್ದವನು ಅಡಿಲೇಡಿನ ಪ್ರಾಸ್ಪೆಕ್ಟಿನಲ್ಲಿರುವ ನನ್ನ ಅಣ್ಣ ಒಬ್ಬನೇ. ಆ ದಾರಿಯ ಆಸೆ ಮೊದಲಿನಿಂದ ಅವನದು. ಆದರೆ ಅವನು ಆಗ ಎರಡನೇ ಸಲದ ಕೀಮೋ ಮುಗಿಸಿ ಮಲಗಿದ್ದ. ಔಷಧಿ ಹಿಡಿದಿದೆ, ಇನ್ನು ಕೆಲವು ವರ್ಷ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದ ದಿನಗಳವು.

"ಹೋಗೋ, ನನ್ನ ಬದಲು ನೀನು ತುಳಿ. ಮನೆ ಬಾಗಿಲಿಗೇ ಬಂದು ಬೆಲ್ ಹೊಡಿಬೇಕು, ಗೊತ್ತಾಯ್ತಾ?" ಅಂದ.

ದಾರಿಯಲ್ಲಿ ಎಲ್ಲೆಲ್ಲಿ ಸಿಗ್ನಲ್ ಸಿಗುತ್ತಿತ್ತೋ ಅಲ್ಲಿಂದ ಸಂಜೆ ಅವನಿಗೆ ಫೋನ್ ಮಾಡುತ್ತಿದ್ದೆ. ನಲ್ಲಾರ್ಬರ್ ಬಯಲಿನಲ್ಲಿ ಅದೂ ಎರಡು ಮೂರು ದಿನಕ್ಕೊಮ್ಮೆ, ಪೆಟ್ರೋಲ್ ಬಂಕೂ ಹೋಟೆಲೂ ಒಂದರಲ್ಲೇ ಇರುವ ರೋಡ್‌ಹೌಸುಗಳಲ್ಲಿ ಮಾತ್ರ. ಫೋನ್ ಎತ್ತಿದವನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಗಾಳಿ ಯಾವ ಕಡೆಯಿಂದ?" ಆ ಬಯಲಿನಲ್ಲಿ ನನ್ನ ಸುಖದುಃಖವನ್ನೆಲ್ಲ ಅದೊಂದೇ ಪ್ರಶ್ನೆಯಲ್ಲಿ ಕೇಳಿಬಿಡಬಹುದಾಗಿತ್ತು. ಗಾಳಿ ಬೆನ್ನಿಗಿದ್ದರೆ ನಾನು ರಾಜ. ಎದುರಿಗಿದ್ದರೆ ಬೆಳಗಿನಿಂದ ಸಂಜೆಯವರೆಗೆ ತುಳಿದರೂ ಅದೇ ಕುರುಚಲು ಗಿಡ, ಅದೇ ಕೆಂಪು ಮಣ್ಣು, ಕಣ್ಣಿಗೂ ಮೂಗಿಗೂ ನುಗ್ಗುವ ಅದೇ ನೊಣಗಳು. ಅವಕ್ಕೆ ನಾನು ಬಯ್ದಷ್ಟು ಕನ್ನಡವನ್ನು ಆ ಬಯಲು ಹಿಂದೆಂದೂ ಕೇಳಿರಲಿಕ್ಕಿಲ್ಲ.

ಊಟ ಆಯ್ತಾ ಎಂದು ಅಣ್ಣ ಕೇಳುತ್ತಿರಲಿಲ್ಲ. ನಮ್ಮವರು ಫೋನ್ ಎತ್ತಿದರೆ ಮೊದಲು ಕೇಳುವುದೇ ಅದನ್ನು. ಆದರೆ ಅವನ ಮನೆಯಲ್ಲಿ ಎಂಟು ವರ್ಷದಿಂದ ಆ ಮಾತು ನಿಂತುಹೋಗಿತ್ತು. ಅದಕ್ಕೆ ಕಾರಣ ನಾನು.

ಎಂಟು ವರ್ಷದ ಹಿಂದೆ ಅಣ್ಣನಿಗೆ ಅಡಿಲೇಡಿನ ಮಾಸನ್ ಲೇಕ್ಸಿನಲ್ಲಿರುವ ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕಿತು. ಅತ್ತಿಗೆ, ಮಗಳು, ಒಂದಿಷ್ಟು ಪಾತ್ರೆಪಗಡ ಎಲ್ಲ ಕಾರಿಗೆ ತುಂಬಿಕೊಂಡು ಬ್ರಿಸ್ಬೇನಿನಿಂದ ಅಡಿಲೇಡಿಗೆ ಹೊರಟಿದ್ದ. ಎರಡನೇ ದಿನ ಮೈಸೂರಿನಿಂದ ನನಗೆ ಫೋನ್ ಬಂತು: ಅಮ್ಮ ಹೋಗಿಬಿಟ್ಟಳು. ನಮ್ಮಲ್ಲಿ ದಾರಿಯಲ್ಲಿರುವವರಿಗೆ ಸಾವಿನ ಸುದ್ದಿ ಹೇಳುವುದಿಲ್ಲ. ಹುಷಾರಿಲ್ಲ ಅನ್ನುತ್ತೇವೆ, ಬೇಗ ಬಾ ಅನ್ನುತ್ತೇವೆ. ಸುದ್ದಿ ಕಿವಿಗೆ ಬಿದ್ದರೆ ಸ್ನಾನವಾಗುವವರೆಗೆ ಅನ್ನ ಮುಟ್ಟುವಂತಿಲ್ಲವಾದ್ದರಿಂದ ಮೊದಲು ಉಣ್ಣಿಸಿ ಆಮೇಲೆ ಹೇಳುತ್ತೇವೆ. ನಾನೂ ಹಾಗೇ ಮಾಡಿದೆ. ಅಣ್ಣನಿಗೆ ಫೋನ್ ಮಾಡಿ, "ಎಲ್ಲಿದ್ದೀಯ? ಊಟ ಆಯ್ತಾ? ಅವಸರ ಏನಿಲ್ಲ, ನಿಧಾನವಾಗಿ ಓಡಿಸು" ಅಂದೆ. ಮಾರನೆಯ ದಿನ ಅವನು ಅಡಿಲೇಡ್ ಮುಟ್ಟಿದ ಮೇಲೆ ಹೇಳಿದೆ.

ತಿಂಗಳುಗಟ್ಟಲೆ ಅವನು ನನ್ನ ಜೊತೆ ಮಾತಾಡಲಿಲ್ಲ. ಮಾತಾಡಿದ ದಿನ ಹೀಗಂದ: "ಅಮ್ಮ ಅಲ್ಲಿ ಮಲಗಿದ್ಲು. ನಾನಿಲ್ಲಿ ಪೆಟ್ರೋಲ್ ಬಂಕಲ್ಲಿ ಗಾಡಿ ನಿಲ್ಸಿ ಚಿಪ್ಸ್ ತಿಂತಿದ್ದೆ, ಮಗಳ ಜೊತೆ ಹಾಡ್ ಹೇಳ್ತಿದ್ದೆ. ನೀನು ಹೇಳಿದ್ರೆ ಏನಾಗ್ತಿತ್ತು? ರಸ್ತೆ ಪಕ್ಕ ಕೂತ್ಕೊಂಡು ಅಳ್ತಿದ್ದೆ, ಅಷ್ಟೇ ತಾನೆ? ಅಳೋಕೂ ಬಿಡ್ಲಿಲ್ವಲ್ಲೋ ನೀನು. ಇನ್ಮೇಲೆ ನನ್ನ ಯಾವತ್ತೂ ಊಟ ಆಯ್ತಾ ಅಂತ ಕೇಳ್ಬೇಡ." ಅಂದಿನಿಂದ ನಾನು ಕೇಳಲಿಲ್ಲ, ಅವನೂ ಕೇಳಲಿಲ್ಲ. ಅತ್ತಿಗೆ ಕೂಡ ಅದನ್ನೊಂದು ವ್ರತದ ಹಾಗೆ ಪಾಲಿಸಿದರು.

ಬಯಲು ಮುಗಿದು ಸೆಡುನಾ ಎಂಬ ಕಡಲ ಊರು ಸಿಕ್ಕಿತು. ಬೆಳೆಗೆ ಹುಳ ಹರಡದಿರಲೆಂದು ಅಲ್ಲಿನ ತಪಾಸಣಾ ಕೇಂದ್ರದಲ್ಲಿ ಹಣ್ಣು ತರಕಾರಿ ಒಪ್ಪಿಸಿಯೇ ಮುಂದೆ ಹೋಗಬೇಕು. ಚಿತ್ರಾನ್ನಕ್ಕೆಂದು ಜೋಪಾನ ಮಾಡಿದ್ದ ಒಂದು ನಿಂಬೆಹಣ್ಣು, ಎರಡು ಈರುಳ್ಳಿಯನ್ನು ಗೊಣಗುತ್ತಲೇ ಕೊಡುತ್ತಿದ್ದಾಗ ಫೋನು ಬಡಿದುಕೊಂಡಿತು. ಅತ್ತಿಗೆ.

"ರಿಪೋರ್ಟ್ ಬಂತು. ಲಿವರ್‌ಗೂ ಹೋಗಿದೆಯಂತೆ. ಸೈಕಲ್ ಅಲ್ಲೇ ಬಿಟ್ಟು ಬಸ್ ಹತ್ತಿ ಬಂದ್ಬಿಡಿ, ಪ್ಲೀಸ್. ಬೇಗ ಬನ್ನಿ."

ಅಲ್ಲಿಂದ ಅಡಿಲೇಡಿಗೆ ಬಸ್ಸಿದೆ. ಹತ್ತಿದರೆ ಮಾರನೆಯ ಬೆಳಿಗ್ಗೆ ಇಳಿಯಬಹುದು. ಬಸ್ ನಿಲ್ಲುವ ಜಾಗಕ್ಕೆ ಹೋಗಿ ಸೈಕಲ್ ಒರಗಿಸಿ ಅಣ್ಣನಿಗೆ ಫೋನ್ ಮಾಡಿದೆ.

"ಬಸ್ ಹತ್ಬೇಡ ಕಣೋ. ಅಷ್ಟು ದೂರ ತುಳಿದಿದೀಯ. ಇನ್ನೊಂದು ಹತ್ತು ದಿನ ತಾನೆ, ಕಾಯ್ತೀನಿ" ಅಂದ.

ಅವನು ಹೇಳಿದ್ದಕ್ಕೆ ನಾನು ಹತ್ತಲಿಲ್ಲ ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ. ಅವನು ಹಾಗೇ ಹೇಳಲಿ ಎಂದು ನಾನು ಕಾಯುತ್ತಿದ್ದೆ. ಇಡೀ ಬಯಲು ದಾಟಿದವನಿಗೆ ಕೊನೆಯ ತುಂಡನ್ನು ಬಸ್ಸಿನಲ್ಲಿ ಕೂತು ಮುಗಿಸುವುದು ಅವಮಾನ ಅನಿಸಿತ್ತು. ಆಫೀಸಿನವರ ನಗು ಕಿವಿಯಲ್ಲಿತ್ತು. ಸಾಯುತ್ತಿರುವ ಅಣ್ಣನ ಮುಂದೆ ನನಗೆ ಆಫೀಸಿನವರು ದೊಡ್ಡವರಾದರು. ಇದನ್ನು ಬರೆಯುವಾಗಲೂ ಕೈ ಹಿಂದೆಗೆಯುತ್ತದೆ.

ಆಮೇಲೆ ತುಳಿದೆ, ಹುಚ್ಚನ ಹಾಗೆ ತುಳಿದೆ. ಗಾಳಿ ಮೂರು ದಿನ ಮುಖಕ್ಕೇ ಹೊಡೆಯಿತು. ಎದುರಿಂದ ಬರುವ ಮೂರು ಮೂರು ಟ್ರೈಲರಿನ ಲಾರಿಗಳು ಧೂಳೆಬ್ಬಿಸಿ ನನ್ನನ್ನು ರಸ್ತೆಯಿಂದ ಆಚೆ ತಳ್ಳುತ್ತಿದ್ದವು. ಸಂಜೆಯ ಫೋನಿನಲ್ಲಿ ಅಣ್ಣನ ದನಿ ದಿನದಿಂದ ದಿನಕ್ಕೆ ಇಳಿಯಿತು. ಕಿಂಬಾ ಎಂಬ ಊರಿನಿಂದ ಮಾಡಿದಾಗ ಮಗಳು ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಿದ್ದಳು. "ಹೀ ಕಾಂಟ್ ಟಾಕ್ ಮಚ್, ಚಿಕ್ಕಪ್ಪ" ಅಂದಳು. ಉಸಿರಿನ ಸದ್ದು. ಆಮೇಲೆ ಒಂದೇ ಮಾತು: "ಗಾಳಿ?"

"ಬೆನ್ನಿಗಿದೆ ಅಣ್ಣಾ. ಹಾರ್ಕೊಂಡ್ ಬರ್ತಿದೀನಿ" ಅಂದೆ. ಸುಳ್ಳು. ಆ ದಿನವಿಡೀ ಗಾಳಿ ಎದುರಿಗೇ ಇತ್ತು. ನಾನು ಅವನಿಗೆ ಆಡಿದ ಕೊನೆಯ ಮಾತು ಅದು.

ಮಾರನೆಯ ಸಂಜೆ ಯಾರೂ ಫೋನ್ ಎತ್ತಲಿಲ್ಲ. ಅದರ ಮಾರನೆಯ ದಿನ ಪೋರ್ಟ್ ಅಗಸ್ಟಾ ತಲುಪಿದೆ. ಬೆಟ್ಟಗಳು ಕಂಡವು, ಕಡಲ ನೀರು ಕಂಡಿತು. ಮರುಭೂಮಿ ಮುಗಿಯುವುದು ಇಲ್ಲೇ, ಇಲ್ಲಿ ಇಳಿದು ಒಂದು ಫೋಟೋ ತೆಗೆದು ಕಳಿಸು ಎಂದು ಅಣ್ಣ ತಿಂಗಳ ಹಿಂದೆಯೇ ಹೇಳಿದ್ದ. ಸೇತುವೆಯ ಹತ್ತಿರ ಸೈಕಲ್ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದಾಗ ಅತ್ತಿಗೆ ಫೋನ್ ಮಾಡಿದರು.

"ಎಲ್ಲಿದ್ದೀರಾ?" ಅಂದರು. ದನಿ ಒರೆಸಿಟ್ಟ ಪಾತ್ರೆಯ ಹಾಗಿತ್ತು. "ಊಟ ಆಯ್ತಾ?"

ನಾನು ಸೇತುವೆಯ ಕಂಬಿ ಹಿಡಿದುಕೊಂಡೆ.

"ಅವಸರ ಏನಿಲ್ಲ. ಲಾರಿಗಳು ಜಾಸ್ತಿ, ನಿಧಾನವಾಗಿ ಬನ್ನಿ."

ವಾರದ ಹಿಂದೆ ಬೇಗ ಬನ್ನಿ ಎಂದು ಅಂಗಲಾಚಿದವರು ಇವರೇ. "ಅಣ್ಣ?" ಅಂದೆ.

"ಮಲಗಿದಾರೆ."

"ಎಬ್ಬಿಸ್ಬೇಡಿ ಅತ್ತಿಗೆ" ಅಂದೆ.

ಆ ಊರಿನಿಂದಲೂ ಬಸ್ಸಿತ್ತು. ಆದರೆ ಇನ್ನು ಯಾವ ಬಸ್ಸು ಹತ್ತಿ ಏನಾಗಬೇಕಿತ್ತು? ಯಾರಾದರೂ ಬಾಯಿಬಿಟ್ಟು ಹೇಳುವವರೆಗೆ ಅಣ್ಣ ಮಲಗಿಯೇ ಇರುತ್ತಾನೆ ಎಂಬ ಹೇಡಿತನವೂ ನನ್ನಲ್ಲಿತ್ತು. ಮೂರೂವರೆ ದಿನ ತುಳಿದೆ. ಗೋಧಿ ಹೊಲಗಳು ಬಂದವು, ಬೇಲಿಗಳು ಬಂದವು, ಮನುಷ್ಯರು ಬಂದರು. ಗಾಳಿ ಕೊನೆಗೂ ಬೆನ್ನಿಗೆ ತಿರುಗಿತ್ತು. ಅದರ ಮೇಲೂ ಸಿಟ್ಟು ಬಂತು. ಒಂದು ಬೇಕರಿಯಲ್ಲಿ ಎಲ್ಲಿಂದ ಎಂದು ಕೇಳಿದರು, ಪರ್ತ್ ಅಂದೆ, ಅಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಅವರ ಮೇಲೆ ರೇಗಾಡದೆ ಹೊರಬರುವಷ್ಟರಲ್ಲಿ ಸಾಕುಸಾಕಾಯಿತು. ರಸ್ತೆ ಪಕ್ಕ ಕೂತು ಅತ್ತೆ, ಎರಡು ಸಲ. ಅಣ್ಣ ತನಗೆ ಸಿಗಲಿಲ್ಲ ಎಂದು ದೂರಿದ್ದು ನನಗೆ ಸಿಕ್ಕಿತು.

ಅತ್ತಿಗೆಯ ಮೇಲಿದ್ದ ಕೋಪ ಮಾತ್ರ ಎರಡನೇ ದಿನಕ್ಕೇ ಇಳಿಯಿತು. ಹೇಳದವರ ಕಷ್ಟ ನನಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ಅಣ್ಣನ ಫೋನ್ ಇಟ್ಟಮೇಲೆ, ನುಂಗಲೂ ಆಗದೆ ಉಗುಳಲೂ ಆಗದೆ, ಅವನು ಊರು ಮುಟ್ಟುವವರೆಗೆ ನಾನು ಮನೆಯೊಳಗೆ ಅತ್ತಿತ್ತ ತಿರುಗಿದ್ದೆ. ಈಗ ಅತ್ತಿಗೆ ನನ್ನನ್ನು ಬದುಕಿಸಿ ತಲುಪಿಸಿಕೊಳ್ಳಲು ಅದೇ ಕೆಂಡವನ್ನು ಬಾಯಲ್ಲಿ ಹಿಡಿದು ಕೂತಿದ್ದರು. ನನ್ನನ್ನು ಮೊದಲು ಉಣ್ಣಿಸದೆ ಅವರು ಹೇಳುವುದಿಲ್ಲ. ಆ ಮನೆಯಲ್ಲಿ ಅನ್ನ ಬಡಿಸಿಕೊಂಡು, ಅವರು ನಿಂತು ನೋಡುತ್ತಿರುವಾಗ ತಿನ್ನುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಮಧ್ಯಾಹ್ನ ಪ್ರಾಸ್ಪೆಕ್ಟ್ ರೋಡಿಗೆ ಬಂದೆ. ಇಂಡಿಯನ್ ಅಂಗಡಿಯೊಂದರ ಮುಂದೆ ಸೈಕಲ್ ಒರಗಿಸಿ ಎರಡು ಸಮೋಸ ತೆಗೆದುಕೊಂಡೆ. ನೀರು ಕುಡಿದು ಕುಡಿದು ಎರಡನ್ನೂ ಮುಗಿಸಿದೆ. ಕೈ ಒರೆಸಿಕೊಂಡು ಸೈಕಲ್ ತಳ್ಳುತ್ತಾ ಮನೆಗೆ ನಡೆದೆ.

ಬಾಗಿಲ ಮುಂದೆ ಬಹಳ ಚಪ್ಪಲಿ, ಶೂಗಳಿದ್ದವು. ಅಣ್ಣ ಹೇಳಿದ್ದನಲ್ಲ ಎಂದು ಸೈಕಲ್ಲಿನ ಬೆಲ್ ಹೊಡೆದೆ. ಅತ್ತಿಗೆ ಬಾಗಿಲು ತೆಗೆದರು. ಹಿಂದೆ ಮಗಳು ನಿಂತಿದ್ದಳು.

"ಬನ್ನಿ, ಬಿಸಿಲಲ್ಲಿ ಬಂದಿದೀರಾ" ಅಂದರು ಅತ್ತಿಗೆ, ನನ್ನ ಮುಖ ನೋಡದೆ. "ಕೈಕಾಲು ತೊಳ್ಕೊಳ್ಳಿ. ಮೊದಲು ಒಂದ್ ತುತ್ತು ಊಟ..."

"ಊಟ ಮಾಡ್ಕೊಂಡೇ ಬಂದಿದೀನಿ ಅತ್ತಿಗೆ" ಅಂದೆ. "ಈಗ ಹೇಳಿ."

ಅವರು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ಹೇಳಿದರು.