ರಾಯಾಪುರದ ಚೆರಿ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಧಾರವಾಡದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಸಸ್ಯಶಾಸ್ತ್ರದ ಮಾಸ್ತರರಿಗೆ ಕಾಡುಚೆರಿ ಎಂದರೆ ಪ್ರಾಣ. ಕಂಡಿದ್ದರೇ? ಎಲ್ಲಿ ಕಾಣಬೇಕು! ಅದು ಬೆಳೆಯುವುದು ಹಿಮ ಬೀಳುವ ಬೆಟ್ಟಗಳ ಇಳಿಜಾರಿನಲ್ಲಿ. ಇವರು ರೈಲು ಹತ್ತಿ ಹುಬ್ಬಳ್ಳಿ ದಾಟಿದ್ದೇ ಹೆಚ್ಚು. ಆದರೂ ಹೇಳುವ ಗತ್ತು ನೋಡಬೇಕಿತ್ತು. ನುಣುಪಾದ ಕಂದು ತೊಗಟೆ, ಅದರ ಮೇಲೆ ಅಡ್ಡಗೆರೆ, ಗರಗಸದಂಥ ಅಂಚಿನ ಎಲೆಗಳು ಒಂದಾದ ಮೇಲೊಂದು, ಐದೆಸಳಿನ ಬಿಳಿ ಹೂ, ಉದ್ದ ತೊಟ್ಟಿನ ಹಣ್ಣು, ಒಳಗೆ ಒಂದೇ ಗೊರಟೆ. ತಮ್ಮ ಹಿತ್ತಲಲ್ಲೇ ನೆಟ್ಟು ಬೆಳೆಸಿದವರ ಹಾಗೆ ಹೇಳುತ್ತಿದ್ದರು.

ಪಾಠವೇನೋ ಆಯಿತು, ಪ್ರಾಯೋಗಿಕ ತರಗತಿಗೆ ಟೊಂಗೆ ಬೇಕಲ್ಲ? ಒಂದು ದಿನ ರಾಯಾಪುರದ ಕುರುಚಲು ದಿನ್ನೆಯಿಂದ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದೇಬಿಟ್ಟರು. ಬಿಳಿ ಹೂ, ಐದೆಸಳು. ಇನ್ನೇನು ಬೇಕು! "ಇದ ನೋಡ್ರಿ ಕಾಡುಚೆರಿ" ಎಂದು ಮೇಜಿನ ಮೇಲಿಟ್ಟರು. ನಾನು ಎಲೆ ಕಿತ್ತೆ. ಬೆರಳಿಗೆ ಹಾಲು ಅಂಟಿತು. ಎಲೆಗಳೋ ಎದುರುಬದುರು ಜೋಡಿ. ಮುಳ್ಳಂತೂ ಚುಚ್ಚಿಯೇಬಿಟ್ಟಿತು.

"ಸರ್, ಇದು ಕವಳಿಕಂಟಿ ಅಲ್ಲೇನ್ರೀ? ನಮ್ಮವ್ವ ಇದರ ಕಾಯಿ ಉಪ್ಪಿನಕಾಯಿ ಹಾಕ್ತಾಳ್ರಿ."

"ನಿಮ್ಮವ್ವಗ ಡಿಗ್ರಿ ಅದ ಏನು?"

"ಇಲ್ರಿ."

"ಸಿಲಬಸ್‌ನ್ಯಾಗ ಕವಳಿ ಅದ ಏನು?"

"ಇಲ್ರಿ."

"ಮತ್ತ? ಸುಮ್ಮ ಚಿತ್ರಾ ತಗಿ."

ತೆಗೆದೆ. ಮುಳ್ಳು ಬಿಟ್ಟು ತೆಗೆದೆ. ನನಗೆ ಬೇಕಾಗಿದ್ದು ಪಾಸು, ಅಷ್ಟೇ. ಅಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದರು: "ಫೇಲಾದಿ ಅಂದ್ರ ಸಾಲಿ ಬಂದ್. ಗದಗಿನ ವರನ ಮನಿಯವರಿಗೆ ಹೂಂ ಅಂತೇನಿ."

ಪರೀಕ್ಷೆಯ ದಿನ ಮೇಜಿನ ಮೇಲೆ ಅದೇ ಕಂಟಿ. ಮಾಸ್ತರರು ಕಲಿಸಿದ ಹಾಗೆಯೇ 'ಕಾಡುಚೆರಿ' ಎಂದು ಬರೆದೆ. ಪರವೂರಿನಿಂದ ಬಂದ ಪರೀಕ್ಷಕರು ಮೊದಲು ಕರೆದದ್ದು ನನ್ನನ್ನೇ. ವರ್ಗಕ್ಕೆಲ್ಲ ಒಬ್ಬಳೇ ಹುಡುಗಿ ಎಂಬ ಮರ್ಯಾದೆ! ಉತ್ತರ ಓದಿ ಅವರಿಗೆ ನಗು ತಡೆಯಲಿಲ್ಲ.

"ಕವಳಿಗೆ ಚೆರಿ ಅಂತೀಯಲ್ಲವ್ವಾ! ಇದನ್ನ ತಿನ್ನದ ಮಂದಿ ಯಾರದಾರ ಈ ಕಡೆ?"

ನಾನು ಪಕ್ಕದಲ್ಲಿ ನಿಂತಿದ್ದ ಮಾಸ್ತರರ ಮುಖ ನೋಡಿದೆ. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರು ಕೂಡ. ಕನ್ನಡಕ ಒರೆಸುತ್ತ, "ಏನ್ಮಾಡೂದ್ರಿ ಸರ್, ಈಗಿನ ಹುಡುಗ್ಯಾರಿಗೆ ಕವಳಿನೂ ಗೊತ್ತಿಲ್ಲ ನೋಡ್ರಿ" ಎಂದರು.

ಮೈಯೆಲ್ಲ ಉರಿದುಹೋಯಿತು. ಆದರೂ ಬಾಯಿ ಬಿಡಲಿಲ್ಲ; ಗುರುಗಳಿಗೆ ಎದುರಾಡಬಾರದೆಂಬ ಹಾಳು ಸಂಸ್ಕಾರ! ಹಿಂದೆ ಕೂತಿದ್ದ ಹನ್ನೊಂದು ಹುಡುಗರಿಗೆ ಆ ತೊಂದರೆ ಇರಲಿಲ್ಲ. ಮಾತು ಕಿವಿಗೆ ಬಿದ್ದದ್ದೇ ತಡ, ಚೆರಿಗೆ ಕಾಟು ಹೊಡೆದು ಕವಳಿ ಎಂದು ತಿದ್ದಿಕೊಂಡರು. ಮಾಸ್ತರರು ನೋಡಿಯೂ ನೋಡದ ಹಾಗೆ ಕಿಟಕಿಯತ್ತ ತಿರುಗಿದರು. ಅವರೆಲ್ಲರೂ ಪಾಸು.

ನಾನೊಬ್ಬಳೇ ಎರಡು ಅಂಕಕ್ಕೆ ಫೇಲಾದೆ. ಫಲಿತಾಂಶ ಬಂದ ದಿನವೇ ಅಪ್ಪ ಗದಗಿಗೆ ಕಾಗದ ಬರೆದರು.