ಬೇರೆ ತಟ್ಟೆ

ಮೊನ್ನೆ ಭಾನುವಾರ ಮೇಷ್ಟ್ರ ಮನೆಯ ಮಹಡಿಯಲ್ಲಿ ಕಡಲೆಪುರಿ ಕಲೆಸುವ ಸರದಿ ನನ್ನದಾಗಿತ್ತು. ಹಸಿ ಈರುಳ್ಳಿಗೆ ಖಾರದಪುಡಿ, ಒಂದಿಷ್ಟು ಎಣ್ಣೆ ಬೀಳುತ್ತಿದ್ದಂತೆ ಘಾಟು ಮೂಗಿಗೆ ಬಡಿಯಿತು. ಅದರ ಹಿಂದೆಯೇ ಬಳಗದ ಹಳೆಯ ಗೆಳೆಯರೊಬ್ಬರ ನೆನಪು...

ರಾಜಾಜಿನಗರದಲ್ಲಿ ನಮ್ಮದೊಂದು ಮಾನವತಾವಾದಿಗಳ ಬಳಗ. ದೇವರು, ಜಾತಿ ಎರಡನ್ನೂ ಬಿಟ್ಟವರು. ಕಡಲೆಪುರಿ ಮಾತ್ರ ಬಿಡಲಾಗಲಿಲ್ಲ. ನ್ಯೂಸ್‌ಪೇಪರ್ ಹಾಸಿ ಗುಡ್ಡೆ ಸುರಿದರೆ ಎಲ್ಲರ ಕೈಯೂ ಅದರಲ್ಲೇ. ಬಳಗ ಕಟ್ಟಿದ ಮೇಷ್ಟ್ರು ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದರು, ಬೈಯುವುದರಲ್ಲೂ ಧಾರಾಳಿ.

ಆ ಗೆಳೆಯರೊಬ್ಬರಿಗೆ ಮಾತ್ರ ‘ನೀವು’. ಜೊತೆಗೆ ಬೇರೆ ಸ್ಟೀಲ್ ತಟ್ಟೆ, ಚಮಚ.

ಅವರು ಯಲ್ಲಾಪುರದ ಕಡೆಯ ಸಿದ್ದಿ. ಹಿರೀಕರು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಬಂದವರು. ಇವರು ಕನ್ನಡ ಶಾಲೆಯಲ್ಲಿ ಓದಿ, ಇಲ್ಲೇ ಒಂದು ಬ್ಯಾಂಕಿನಲ್ಲಿದ್ದರು. ಬಸ್ಸಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದರೆ, “ಯಲ್ಲಾಪುರ ದೇಶ ಮಾರಾಯ್ರೆ” ಎಂದು ನಗುತ್ತಿದ್ದರು. ಆದರೆ ಆ ತಟ್ಟೆ ಮುಂದೆ ಬಂದಾಗ ನಗುತ್ತಿರಲಿಲ್ಲ. ಮೇಷ್ಟ್ರು ಕೊಡುತ್ತಿದ್ದದ್ದು ಗೌರವಕ್ಕೇ, ಅನುಮಾನವಿಲ್ಲ. ಬೇರೆ ತಟ್ಟೆಗೆ ನಮ್ಮ ನಾಡಿನಲ್ಲಿ ಇನ್ನೊಂದು ಅರ್ಥವಿದೆಯೆಂದು ಆ ದೊಡ್ಡ ಮನುಷ್ಯರಿಗೆ ಹೊಳೆದೇ ಇರಲಿಲ್ಲ.

ಒಮ್ಮೆ ವರ್ಣಭೇದದ ಬಗ್ಗೆ ಸಭೆ ಮಾಡಿದೆವು. ಮೇಷ್ಟ್ರು ಅವರನ್ನು ವೇದಿಕೆಗೆ ಕರೆದು, “ನಮ್ಮ ವಿಶೇಷ ಅತಿಥಿಗಳು” ಎಂದರು. ಅವರು ಮೈಕ್ ಹಿಡಿದು ಮೇಷ್ಟ್ರ ಕಡೆ ತಿರುಗಿದರು.

“ಎರಡು ವರ್ಷ ಆಯ್ತು ಮೇಷ್ಟ್ರೆ, ನಾನಿನ್ನೂ ಅತಿಥಿ. ಮನೆಯವ ಆಗೂದು ಯಾವಾಗ?”

ಮೇಷ್ಟ್ರ ಮುಖ ಸಪ್ಪಗಾಯಿತು. ಇನ್ನು ಇವರು ಈ ಕಡೆ ತಲೆ ಹಾಕುವುದಿಲ್ಲ ಎಂದು ನನಗೆ ಸಂಕಟವಾಯಿತು.

ಮುಂದಿನ ಭಾನುವಾರ ತಡವಾಗಿಯಾದರೂ ಬಂದರು. ಬಾಗಿಲಲ್ಲಿ ಅವರನ್ನು ಕಂಡದ್ದೇ ತಡ, ಮೇಷ್ಟ್ರು ಕೂಗಿದರು: “ಏಯ್, ಎಲ್ಲೋ ಹಾಳಾಗಿ ಹೋಗಿದ್ದೆ? ಈರುಳ್ಳಿ ನಿಮ್ಮಪ್ಪ ಬಂದು ಹೆಚ್ತಾನೇನೋ?”

ನಾವೆಲ್ಲ ಬೆಚ್ಚಿದೆವು. ಅವರ ಮುಖ ಮಾತ್ರ ಅರಳಿತು. ಅಂಗಿಯ ತೋಳು ಮಡಚಿ ಚಾಕು ಹಿಡಿದು ಕೂತವರು ಈರುಳ್ಳಿಯನ್ನು ಎಷ್ಟು ದಪ್ಪದಪ್ಪ ಹೆಚ್ಚಿದರೆಂದರೆ, ಇನ್ನೊಂದು ಬೈಗುಳವೂ ಸಿಕ್ಕಿತು. ಆ ಸಂಜೆ ತಟ್ಟೆ ಕಪಾಟಿನಿಂದ ಹೊರಗೆ ಬರಲಿಲ್ಲ.

ಅಂದಿನಿಂದ ಅವರು ನಮಗೆ ‘ಅವನು’ ಆದ. ಎಷ್ಟು ಬೈದರೂ ಈರುಳ್ಳಿಯನ್ನು ಸಣ್ಣಗೆ ಹೆಚ್ಚಲು ಕಲಿಯಲಿಲ್ಲ. ಅಕ್ಕಾ ಅಕ್ಕಾ ಎಂದು ನನ್ನನ್ನು ರೇಗಿಸುತ್ತ, ನನ್ನ ಕೈಗೆ ಸಿಗಬೇಕಿದ್ದ ಕಡಲೆಬೀಜವನ್ನೆಲ್ಲ ಆರಿಸಿಕೊಂಡು ತಿನ್ನುತ್ತಿದ್ದ. ಎಂಥ ಒಳ್ಳೆಯ ಭಾನುವಾರಗಳವು... ಆಮೇಲೆ ಹೃದಯ ಕೈಕೊಟ್ಟಿತು. ಅವನು ಹೋಗಿ ಕೆಲವು ವರ್ಷಗಳಾದವು.

ಮೊನ್ನೆ ಭಾನುವಾರ ಕೆಂಗೇರಿಯ ಕಾಲೇಜಿನಲ್ಲಿ ಓದುವ ಆಫ್ರಿಕಾದ ಹುಡುಗಿಯೊಬ್ಬಳು ಮೊದಲ ಸಲ ಬಂದಿದ್ದಳು. ಯಾರೋ ತಟ್ಟೆ ತರಲು ಎದ್ದರು.

“ತಟ್ಟೆ ಗಿಟ್ಟೆ ಏನೂ ಬೇಡ, ಕೂತ್ಕೊಳೋ,” ಎಂದು ಮೇಷ್ಟ್ರು ಪೇಪರನ್ನು ಅವಳತ್ತ ಎಳೆದರು. “ಕೈ ಹಾಕಮ್ಮ.”

ಭಾಷೆ ಬಾರದಿದ್ದರೂ ಅವಳಿಗೆ ತಿಳಿಯಿತು. ಕೈ ಹಾಕಿದಳು. ಇದನ್ನು ನೋಡಲು ಅವನಿರಬೇಕಿತ್ತು.

ಈರುಳ್ಳಿ ದಪ್ಪಗಾಯಿತೆಂದು ಮೇಷ್ಟ್ರು ನನ್ನನ್ನು ಬೈದರು. ನಾನು ಬೇಕೆಂದೇ ಹಾಗೆ ಹೆಚ್ಚಿದ್ದೆ.