ಮೂರು ವರ್ಷ ಬಸುರಿಯಾಗಿರುವ ಮೀನು

"ಇದು ತತ್ತಿ ಇಡ್ತದೇನ್ರಿ?"

ಸೇಡಂನಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ತುಂಬು ಬಸುರಿ ನನ್ನ ಫೋನಿಗೆ ಬಗ್ಗಿ ಕೇಳಿದಳು. ನಾನು ನೋಡುತ್ತಿದ್ದುದು ಜೀವಂತ ಪಳೆಯುಳಿಕೆ ಎನಿಸಿಕೊಂಡ, ಹಾವಿನಂಥ ಆಳಸಮುದ್ರದ ಶಾರ್ಕ್. ಬೆಳಿಗ್ಗೆಯಿಂದ ಕೂಸು ಅಲುಗಿಲ್ಲವೆಂದು ಅವಳೂ ಅವಳ ತಾಯಿಯೂ ಗಾಬರಿಯಲ್ಲಿ ಆಸ್ಪತ್ರೆಗೆ ಹೊರಟಿದ್ದರು.

"ಇಲ್ಲ, ಮರಿ ಹಾಕ್ತದ. ಮೂರು ವರ್ಷಕ್ಕೂ ಜಾಸ್ತಿ ಬಸುರಿರ್ತದಂತ" ಎಂದೆ.

ಮಗಳನ್ನು ನಗಿಸಲೆಂದೇ ತಾಯಿ, "ಒಂಬತ್ತು ತಿಂಗಳು ಇಕಿ ಬಯಕಿ ತೀರಿಸಿ ನಾ ಹಣ್ಣಾಗೀನಿ. ಪಾಪ, ಅದರವ್ವನ ಗತಿ ಏನ್ರಿ!" ಎಂದರು.

ಮಗಳು ಜೋರಾಗಿ ನಕ್ಕಳು. ನಗುತ್ತಲೇ ತಟಕ್ಕನೆ ನಿಲ್ಲಿಸಿ, ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟಳು. "ಒದೀಲಿಕತ್ತದ ನೋಡ್ರಿ!"

ಆ ಮೀನಿನ ಬಗ್ಗೆ ಬಹಳ ಓದಿದ್ದೆ. ಒಳಗಿನ ಜೀವವೊಂದು ಹೊರಗಿನ ಅಂಗೈಯನ್ನು ಅಷ್ಟು ಬಲವಾಗಿ ತಳ್ಳುತ್ತದೆಂದು ತಿಳಿದದ್ದು ಮಾತ್ರ ಅಂದೇ.